ದೂರಾನಾ?

ಫೋನಿನಲ್ಲಿ ಬಾಡಿಗೆ ಕಾರು ಕರೆಯಲು ಹೋದರೆ ಅದು ಮೊದಲು ಕೇಳುವುದೇ ‘ಎಲ್ಲಿಗೆ?’ ಎಂದು. ಊಟ ಆಯಿತಾ ಎನ್ನುವುದಿಲ್ಲ, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಎನ್ನುವುದಿಲ್ಲ. ಹೊಸ್ತಿಲ ಮೇಲೆ ಒಂದು ಕಾಲಿಟ್ಟವನಿಗೆ ನೇರವಾಗಿ ಎಲ್ಲಿಗೆ ಅಂತ ಅಡ್ಡ ಬಾಯಿ ಹಾಕುತ್ತದೆ. ನಮ್ಮಜ್ಜಿ ಇದ್ದಿದ್ದರೆ ಆ ಫೋನನ್ನು ಜಗಲಿಯ ಮೇಲೆ ಕುಕ್ಕಿಸಿ, ‘ಒಳಗೆ ಬಾ, ಕೂತು ಒಂದು ಲೋಟ ನೀರು ಕುಡಿ, ಆಮೇಲೆ ಹೊರಡು’ ಎನ್ನುತ್ತಿದ್ದಳು.

ತಿಪಟೂರು ಸೀಮೆಯ ನಮ್ಮೂರಿನಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳುವಂತಿರಲಿಲ್ಲ. ಕೇಳದೆ ಸುಮ್ಮನಿರುವ ಸಂಯಮವೂ ಯಾರಿಗೂ ಇರಲಿಲ್ಲ. ಈ ಎರಡರ ನಡುವೆ ಹುಟ್ಟಿಕೊಂಡ ಪ್ರಶ್ನೆಯೇ ‘ದೂರಾನಾ?’ ಅದಕ್ಕೆ ಕೊಡಬೇಕಾದ ಉತ್ತರವೂ ಗೊತ್ತಾಗಿತ್ತು: ‘ಇಲ್ಲೇ, ಹಿಂಗೆ.’ ಇಲ್ಲೇ ಹಿಂಗೆ ಎಂದರೆ ಪಕ್ಕದ ಬೀದಿಯ ಅಂಗಡಿಯೂ ಆಗಬಹುದು, ಕಾಶಿಯೂ ಆಗಬಹುದು. ಕೇಳಿದವರಿಗೆ ಏನೂ ತಿಳಿಯುತ್ತಿರಲಿಲ್ಲ, ಆದರೆ ಕೇಳಿದ ಸಮಾಧಾನ ಸಿಗುತ್ತಿತ್ತು.

ಇಂಥ ಸುತ್ತುಬಳಸಿನ ಮಾತು ನಮ್ಮ ಮನೆಯಲ್ಲಿ ಹೇರಳವಾಗಿತ್ತು. ‘ಹೋಗ್ತೀನಿ’ ಎನ್ನಬಾರದು, ‘ಹೋಗಿ ಬರ್ತೀನಿ’ ಎನ್ನಬೇಕು. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಅಜ್ಜಿ ‘ಅಕ್ಕಿ ತುಂಬಿದೆ’ ಎನ್ನುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದ ಚಿಕ್ಕಮ್ಮ ಪಟ್ಟಣದವರು. ತುಂಬಿದೆ ಎಂದಿದ್ದನ್ನು ತುಂಬಿದೆ ಎಂದೇ ತಿಳಿದುಕೊಂಡು ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಮನೆಮಂದಿಯೆಲ್ಲ ಮುದ್ದೆ ಉಂಡೆವು. ಹೀಗೇಕೆ ಉಲ್ಟಾ ಮಾತು ಎಂದು ಕೇಳಿದರೆ ಅಜ್ಜಿಯದು ಒಂದೇ ಉತ್ತರ: ಅಶ್ವಿನೀ ದೇವತೆಗಳು ಸದಾ ಮೇಲೆ ಓಡಾಡುತ್ತಿರುತ್ತಾರೆ, ನಾವು ಏನಂದರೂ ಅಸ್ತು ಅನ್ನುತ್ತಾರೆ. ಅವರಿಗೆ ಅಸ್ತು ಬಿಟ್ಟು ಬೇರೆ ಮಾತೇ ಬಾರದು ಎಂಬುದು ಅವಳ ಅಭಿಪ್ರಾಯವಾಗಿತ್ತು.

ಇದಕ್ಕೆಲ್ಲ ಒಟ್ಟಾಗಿ ಅವಳ ಬಾಯಲ್ಲಿದ್ದ ಪದ ‘ಶಕುನ’. ಶಕುನ ಆಯ್ತು, ಶಕುನ ಕೆಟ್ಟಿತು, ಶಕುನ ನೋಡಿಕೊಂಡು ಹೊರಡು. ಕೆಲಸ ಹಿಡಿಯುವ ಮೊದಲೇ ಯಾರಾದರೂ ‘ಇದು ಆಗೋ ಮಾತಲ್ಲ’ ಎಂದರೆ ‘ಶಕುನದ ಹಕ್ಕಿ ಥರ ಮಾತಾಡಬೇಡ’ ಎಂದು ಗದರುತ್ತಿದ್ದಳು. ಈ ಕೊನೆಯ ಬೈಗುಳ ನನಗೆ ಬಹಳ ಕಾಲ ಬರೀ ಬೈಗುಳವಾಗಿತ್ತು. ಕಾಲೇಜಿನಲ್ಲಿ ಸಂಸ್ಕೃತ ತೆಗೆದುಕೊಂಡ ಮೇಲೆ ಗೊತ್ತಾಯಿತು, ಅಜ್ಜಿ ಒಂದೇ ಅರ್ಥವನ್ನು ಎರಡು ಸಲ ಹೇಳುತ್ತಿದ್ದಳು ಎಂದು. ಶಕುನ ಎಂದರೇ ಹಕ್ಕಿ. ಗೇಟು ಬಾಗಿಲು ಎಂದಂತೆ.

ಹಕ್ಕಿ ಎನ್ನುವುದೇ ಆ ಪದದ ಮೊದಲ ಅರ್ಥ. ಋಗ್ವೇದದ ಎರಡನೆಯ ಮಂಡಲದ ತುದಿಯಲ್ಲಿ 42 ಮತ್ತು 43ನೆಯ ಸೂಕ್ತಗಳಿವೆ. ಎರಡೂ ಒಂದು ಹಕ್ಕಿಯನ್ನು ಕುರಿತವು. ಸಂಪ್ರದಾಯ ಅದನ್ನು ಕಪಿಂಜಲ ಎನ್ನುತ್ತದೆ. ಒಳ್ಳೆಯದನ್ನು ನುಡಿ ಎಂದು ಋಷಿ ಅದನ್ನು ಬೇಡುತ್ತಾನೆ. ನನಗೆ ಹಿಡಿಸಿದ್ದು ಅದಲ್ಲ. ನಿನ್ನನ್ನು ಗಿಡುಗ ಹೊಡೆಯದಿರಲಿ, ಬೇಟೆಗಾರನ ಬಾಣ ತಾಕದಿರಲಿ ಎಂದೂ ಅವನು ಹಾರೈಸುತ್ತಾನೆ. ತನ್ನ ಭವಿಷ್ಯ ಹೇಳಬೇಕಾದ ಹಕ್ಕಿಯ ಭವಿಷ್ಯದ ಚಿಂತೆ ಅವನಿಗಿತ್ತು. ಆಮೇಲಿನವರು ಅಷ್ಟು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಹಕ್ಕಿ ಹಾರಿಹೋಗಿ ಪದ ಮಾತ್ರ ನಮ್ಮಲ್ಲಿ ಉಳಿಯಿತು. ಬೆಕ್ಕು ಅಡ್ಡ ಬಂದರೂ ಶಕುನ, ಸೀನಿದರೂ ಶಕುನ. ಅಕ್ಷರಶಃ ನೋಡಿದರೆ ಬೆಕ್ಕೇ ಹಕ್ಕಿಯಾಯಿತು!

ಹಕ್ಕಿ ಪೂರ್ತಿ ಹಾರಿಹೋಗಿಲ್ಲ, ಎರಡು ಹೆಸರುಗಳಲ್ಲಿ ಗೂಡು ಕಟ್ಟಿದೆ. ಮಾಲಿನೀ ನದಿಯ ದಡದಲ್ಲಿ ಶಕುಂತಗಳು, ಎಂದರೆ ಹಕ್ಕಿಗಳು, ಸುತ್ತ ನಿಂತು ಕಾಪಾಡುತ್ತಿದ್ದ ಕೂಸನ್ನು ಕಣ್ವರು ಎತ್ತಿಕೊಂಡು ಹೋಗಿ ಶಕುಂತಲೆ ಎಂದು ಕರೆದರು. ಇನ್ನೊಬ್ಬ ಗಾಂಧಾರದ ಶಕುನಿ. ಅವನ ಹೆಸರಿಗೂ ಹಕ್ಕಿ ಎಂದೇ ಅರ್ಥ. ಒಂದೇ ಗೂಡಿನ ಎರಡು ಹೆಸರುಗಳಲ್ಲಿ ಒಂದನ್ನು ನಾವು ಹೆಣ್ಣುಮಕ್ಕಳಿಗೆ ಇಟ್ಟೆವು, ಇನ್ನೊಂದನ್ನು ಆಸ್ತಿ ಪಾಲಾಗುವಾಗ ಸೋದರಮಾವಂದಿರಿಗೆ ಇಟ್ಟೆವು. ಕಾಳಿದಾಸನ ನಾಟಕದಲ್ಲಿ ಆಶ್ರಮದ ಬಾಗಿಲಲ್ಲೇ ದುಷ್ಯಂತನ ಬಲತೋಳು ಅದುರುತ್ತದೆ, ಶುಭ. ಐದನೆಯ ಅಂಕದಲ್ಲಿ ಅರಮನೆಗೆ ಬಂದ ಶಕುಂತಲೆಯ ಬಲಗಣ್ಣು ಅದುರುತ್ತದೆ, ಹೆಂಗಸಿಗೆ ಅದು ಅಶುಭ. ಹೆಸರಿನಲ್ಲೇ ಶಕುನ ಹೊತ್ತವಳಿಗೂ ಶಕುನ ಕೈಕೊಟ್ಟಿತು. ನನ್ನ ಬಲಗಣ್ಣು ಅದುರಿದ್ದು ಆದಾಯ ತೆರಿಗೆಯ ಲೆಕ್ಕ ಕೊಡಬೇಕಾದ ಜುಲೈ ತಿಂಗಳಲ್ಲಿ. ಡಾಕ್ಟರು ಕಾಫಿ ಕಡಿಮೆ ಮಾಡಿ, ನಿದ್ದೆ ಮಾಡಿ ಎಂದರು. ದುಷ್ಯಂತನಿಗೆ ಯಾರೂ ಹಾಗೆ ಹೇಳಲಿಲ್ಲ.

ಹಕ್ಕಿ ನೋಡಿ ಮುಂದಿನದನ್ನು ಹೇಳುವುದು ನಮ್ಮದೊಂದೇ ಹುಚ್ಚಲ್ಲ. ರೋಮನ್ನರ ‘ಆಸ್ಪಿಸಿಯಂ’ ಎಂಬ ಪದ ಹಕ್ಕಿ ಮತ್ತು ನೋಟ ಎರಡೂ ಕೂಡಿ ಆದದ್ದು. ಅವರು ಯುದ್ಧಕ್ಕೂ ಪೂಜೆಯ ಕೋಳಿಗಳನ್ನು ಪಂಜರದಲ್ಲಿ ಕೊಂಡೊಯ್ಯುತ್ತಿದ್ದರು. ಕಾಳು ಹಾಕಿದಾಗ ಮುಗಿಬಿದ್ದು ತಿಂದರೆ ಜಯ. ಕ್ರಿ.ಪೂ. 249ರಲ್ಲಿ ಸಿಸಿಲಿಯ ದ್ರೆಪಾನದ ಬಳಿ ಕ್ಲಾಡಿಯಸ್ ಎಂಬ ಸೇನಾಪತಿಯ ಕೋಳಿಗಳು ಕಾಳು ಮುಟ್ಟಲಿಲ್ಲ. ತಿನ್ನದಿದ್ದರೆ ಕುಡಿಯಲಿ ಎಂದು ಅವನು ಅವನ್ನು ಸಮುದ್ರಕ್ಕೆ ಎಸೆದನಂತೆ. ಯುದ್ಧ ಸೋತ. ಹಡಗಿನ ಓಲಾಟಕ್ಕೆ ಕೋಳಿಗೂ ಹೊಟ್ಟೆ ತೊಳಸುತ್ತಿತ್ತೇನೋ ಎಂದು ಯಾರಾದರೂ ಕೇಳಬಹುದಿತ್ತು. ಸೋತವನ ಪರವಾಗಿ ಇಂಥ ಪ್ರಶ್ನೆ ಕೇಳುವವರು ಕಡಿಮೆ.

ನಮ್ಮೂರಿಗೆ ಬರುತ್ತಿದ್ದ ಬುಡಬುಡಿಕೆಯವನು ಇನ್ನೂ ಕತ್ತಲಿರುವಾಗಲೇ ಬರುತ್ತಿದ್ದ. ಹೆಗಲ ಮೇಲೆ ಹತ್ತು ಮನೆಯ ಹಳೇ ಬಟ್ಟೆ, ತಲೆಗೆ ದೊಡ್ಡ ರುಮಾಲು, ಕೈಯಲ್ಲಿ ಗುಬ್ಬಿಯಷ್ಟು ಸಣ್ಣ ಬುಡಬುಡಿಕೆ. ಹಾಲಕ್ಕಿ ನುಡಿದೈತೆ ಎಂದು ಶುರುಮಾಡಿದರೆ ನಾನು ಕಂಬಳಿ ಮುಸುಕು ಎಳೆದುಕೊಳ್ಳುತ್ತಿದ್ದೆ. ಹಾಲಕ್ಕಿ ಎಂದರೆ ಹಾಲಿನಂತೆ ಬೆಳ್ಳಗಿನ ಯಾವುದೋ ದೇವಲೋಕದ ಹಕ್ಕಿ ಎಂದು ನನ್ನ ಕಲ್ಪನೆ. ದೊಡ್ಡವನಾದ ಮೇಲೆ ಹಕ್ಕಿಗಳ ಪುಸ್ತಕದಲ್ಲಿ ನೋಡಿದರೆ ಅದು ಮೈತುಂಬ ಚುಕ್ಕೆಯಿರುವ ಪುಟ್ಟ ಗೂಬೆ! ಗೂಬೆ ಮನೆ ಮೇಲೆ ಕೂತರೆ ಶಾಂತಿ ಮಾಡಿಸುವ ಜನ ಅದೇ ಗೂಬೆಯ ತಮ್ಮನ ಮಾತಿಗೆ ಮೊರದಲ್ಲಿ ರಾಗಿ ಸುರಿದು ಕಳಿಸುತ್ತಿದ್ದರು. ಬಂಗಾಳದಲ್ಲಂತೂ ಗೂಬೆ ಸಾಕ್ಷಾತ್ ಲಕ್ಷ್ಮಿಯ ವಾಹನ. ಹೆಸರಿನಲ್ಲಿ ಹಾಲು ಸೇರಿಸಿದರೆ ಎಂಥ ಗೂಬೆಯೂ ಬದುಕಿಕೊಳ್ಳುತ್ತದೆ.

ಜಾತ್ರೆಯ ಗಿಣಿಶಾಸ್ತ್ರದ ಗಿಣಿಯನ್ನೂ ಮರೆಯಬಾರದು. ಪಂಜರದ ಬಾಗಿಲು ತೆಗೆದರೆ ಹೊರಗೆ ಬಂದು, ಕೊಕ್ಕಿನಿಂದ ಒಂದು ಚೀಟಿ ಎಳೆದುಕೊಟ್ಟು, ಎರಡು ಕಾಳು ತಿಂದು, ತಾನಾಗಿಯೇ ಒಳಗೆ ಹೋಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಿಣಿಯನ್ನು ಪಂಜರದಲ್ಲಿಡುವುದನ್ನು ಒಪ್ಪುವುದಿಲ್ಲ. ಎಷ್ಟು ಜನರ ಭವಿಷ್ಯ ತೆಗೆದರೂ ತನ್ನ ಪರವಾಗಿ ಇಂಥದ್ದೊಂದು ಕಾಯ್ದೆ ಇರುವುದು ಆ ಗಿಣಿಗೆ ಗೊತ್ತಿರಲಿಲ್ಲ.

ಕಾಗೆಯ ವಿಷಯ ಬೇರೆ. ಅದು ಕೂಗಿದರೆ ನೆಂಟರು, ತಲೆಗೆ ಬಡಿದರೆ ಕೇಡು, ಪಿಂಡ ಮುಟ್ಟದಿದ್ದರೆ ಪಿತೃಗಳಿಗೆ ಅಸಮಾಧಾನ. ಇಷ್ಟು ಖಾತೆಗಳನ್ನು ಒಬ್ಬ ಮಂತ್ರಿಗೂ ಕೊಡುವುದಿಲ್ಲ. 2016ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಾರಿನ ಮೇಲೆ ಒಂದು ಕಾಗೆ ಬಂದು ಕೂತಿತು. ಓಡಿಸಿದರೂ ಬೇಗ ಏಳಲಿಲ್ಲ. ಟೀವಿಯವರಿಗೆ ಹಬ್ಬ. ಜ್ಯೋತಿಷಿಗಳು ಬಂದು ಕೂತರು, ಅವರೂ ಬೇಗ ಏಳಲಿಲ್ಲ. ಸ್ವಲ್ಪ ದಿನಕ್ಕೆ ಹೊಸ ಕಾರು ಬಂತು, ಕಾಗೆಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತೂ ಬಂತು. ಅವರು 2018ರಲ್ಲಿ ಐದು ವರ್ಷದ ಅವಧಿ ಪೂರ್ತಿ ಮುಗಿಸಿದರು, 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ಹಳೆಯ ಭಯವಿದ್ದರೂ ಆ ಊರಿಗೂ ಹಲವು ಸಲ ಹೋಗಿ ಬಂದರು. ಕಾಗೆಯನ್ನು ಆಮೇಲೆ ಯಾವ ವಾಹಿನಿಯೂ ಚರ್ಚೆಗೆ ಕರೆದಂತಿಲ್ಲ.

ಕಾಗೆಯನ್ನೇ ಹಿಡಿದು ನಮ್ಮ ಹಿರಿಯರು ಶಕುನಕ್ಕೆ ಮದ್ದನ್ನೂ ಅರೆದಿಟ್ಟಿದ್ದಾರೆ. ‘ಕಾಕತಾಳೀಯ’ ಎಂಬ ಪದ ನೋಡಿ. ತಾಳೆಮರದ ಮೇಲೆ ಕಾಗೆ ಬಂದು ಕೂತಿತು, ಅದೇ ಹೊತ್ತಿಗೆ ಹಣ್ಣು ಬಿತ್ತು. ಕಾಗೆ ಕೂತದ್ದಕ್ಕೆ ಬಿದ್ದದ್ದಲ್ಲ, ಹಣ್ಣಾಗಿತ್ತು, ಬಿತ್ತು. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಎಂದು ನಮ್ಮೂರಿನವರು ಇದನ್ನೇ ಹೇಳುತ್ತಾರೆ. ಅದೇ ಕಾಗೆ ಒಂದು ಪದದಲ್ಲಿ ಎಲ್ಲ ಬಲ್ಲದ್ದು, ಇನ್ನೊಂದು ಪದದಲ್ಲಿ ಏನೂ ಅರಿಯದ ಪಾಪದ್ದು. ಯಾವ ಪದ ಯಾವಾಗ ತೆಗೆಯಬೇಕು ಎಂಬುದರಲ್ಲಿ ನಾವು ಬಹಳ ಚುರುಕು. ನಮಗೆ ಕೆಟ್ಟದಾದರೆ ಶಕುನ, ದಾಯಾದಿಗೆ ಒಳ್ಳೆಯದಾದರೆ ಕಾಕತಾಳೀಯ.

ಈಗ ತುಂಬಿದ ಕೊಡದ ಕಥೆ ಹೇಳಬೇಕು.

ನಮ್ಮದು ತೆಂಗಿನ ತೋಟ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ ಕೊಬ್ಬರಿಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು. ಅಜ್ಜಿಯ ಕಿವಿ ಈ ವಿಷಯದಲ್ಲಿ ತಪ್ಪಿದ್ದೇ ಇಲ್ಲ. ಇನ್ನೂ ಎಂಟು ದಿನ ಬೇಕು ಎಂದರೆ ಎಂಟು ದಿನ. ಸುಲಿದು, ಒಡೆದು, ಚೀಲ ತುಂಬಿ ಅಪ್ಪ ತಿಪಟೂರಿನ ಮಾರುಕಟ್ಟೆಗೆ ಹೊರಡುತ್ತಿದ್ದರು. ವರ್ಷದ ದುಡಿಮೆಯೆಲ್ಲ ಆ ಒಂದು ದಿನದ ಧಾರಣೆಯ ಮೇಲೆ. ಅಂಥ ದಿನ ಶಕುನವನ್ನು ಅದರ ಪಾಡಿಗೆ ಬಿಡುವಷ್ಟು ದೈವಭಕ್ತಿ ಅಜ್ಜಿಗೆ ಇರಲಿಲ್ಲ. ಏರ್ಪಾಡು ಮಾಡುತ್ತಿದ್ದಳು.

ಮುತ್ತೈದೆಯೊಬ್ಬಳು ತುಂಬಿದ ಕೊಡ ಹೊತ್ತು ಎದುರಾದರೆ ಶುಭ. ಎದುರುಮನೆಯ ಅಕ್ಕ ನಲವತ್ತರ ಒಳಗಿನ ಲಕ್ಷಣವಾದ ಹೆಂಗಸು, ಅವರ ಮನೆಯಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ಕೊಡ. ಅಪ್ಪ ಮೆಟ್ಟು ಮೆಟ್ಟಿದ ತಕ್ಷಣ ಜಗಲಿಯ ಮೇಲೆ ನಿಂತ ನಾನು ಕೆಮ್ಮಬೇಕು. ಬಾಗಿಲ ಹಿಂದೆ ಸಿದ್ಧವಾಗಿ ನಿಂತ ಅಕ್ಕ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಅಕಸ್ಮಾತ್ ಎಂಬಂತೆ ಬೀದಿಗೆ ಇಳಿಯಬೇಕು. ನನಗಾಗ ಒಂಬತ್ತು ವರ್ಷ. ಇಡೀ ಊರಿನ ಕೊಬ್ಬರಿ ಧಾರಣೆ ನನ್ನ ಗಂಟಲಲ್ಲಿ ಇದ್ದಂತೆ ಅನಿಸುತ್ತಿತ್ತು. ಒಮ್ಮೆ ಕೊಬ್ಬರಿ ಸುಲಿದ ಸಿಪ್ಪೆಯ ಧೂಳು ಮೂಗಿಗೆ ಹೋಗಿ ಕೆಮ್ಮುವ ಬದಲು ಸೀನಿಬಿಟ್ಟೆ. ಒಂಟಿ ಸೀನು! ಅಪ್ಪ ಮೆಟ್ಟಿಲ ಮೇಲೆ ಹಾಗೇ ನಿಂತರು. ಅಡುಗೆಮನೆಯಿಂದ ಅಜ್ಜಿಯ ಕೂಗು ಬಂತು: ‘ಇನ್ನೊಂದು ಸೀನೋ!’ ಎರಡು ಸೀನಾದರೆ ಶುಭವಲ್ಲವೇ. ಬೇಕೆಂದಾಗ ಸೀನು ಬರುತ್ತದೆಯೇ? ಚಿಕ್ಕಮ್ಮ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು ನನ್ನ ಮೂಗಿಗೆ ಹಾಕಿದರು. ಬಂದ ಸೀನುಗಳು ಮೂರು. ಒಟ್ಟು ನಾಲ್ಕಾಯಿತು, ಸಮಸಂಖ್ಯೆ, ಪರವಾಗಿಲ್ಲ ಹೊರಡು ಎಂದಳು ಅಜ್ಜಿ.

ಇನ್ನೊಂದು ವರ್ಷ ಊರಿನ ಕೈಪಂಪು ಕೆಟ್ಟು ನಾಲ್ಕು ದಿನವಾಗಿತ್ತು. ಅಪ್ಪ ಹೊರಟರು, ನಾನು ಕೆಮ್ಮಿದೆ. ಅಕ್ಕ ಕೊಡ ಹೊತ್ತು ಬಂದಳು. ಬಾಯಿಗೆ ತಟ್ಟೆ ಮುಚ್ಚಿತ್ತು. ಭಾರಕ್ಕೆ ಒಂದು ಕಡೆ ವಾಲಿ, ನಿಧಾನವಾಗಿ ಹೆಜ್ಜೆ ಇಡುತ್ತಿದ್ದಳು. ಅಪ್ಪನ ಮುಖ ಅರಳಿತು, ಕಾಣದ ಹಾಗೆ ಕೈ ಎದೆಗೆ ಹೋಗಿ ಬಂತು. ಅವರು ತಿರುವು ದಾಟಿದ್ದೇ ತಡ, ಅಕ್ಕ ಕೊಡದ ಕಂಠಕ್ಕೆ ಎರಡು ಬೆರಳು ಹಾಕಿ ತೂಗಿಸಿಕೊಂಡು ಒಳಗೆ ಹೋದಳು. ಒಂದು ಹನಿ ನೀರಿರಲಿಲ್ಲ. ನಾನು ಓಡಿಹೋಗಿ ಅಜ್ಜಿಗೆ ಚಾಡಿ ಹೇಳಿದೆ. ಖಾಲಿ ಕೊಡ ಎದುರಾಗುವುದಕ್ಕಿಂತ ಕೆಟ್ಟ ಶಕುನವಿಲ್ಲ ಎಂದು ಅವಳೇ ಕಲಿಸಿದ್ದಳಲ್ಲ. ಅಜ್ಜಿ ಒಲೆಯಿಂದ ಮುಖ ಎತ್ತಲಿಲ್ಲ. ‘ಅವನ ಕಣ್ಣಿಗೆ ತುಂಬಿತ್ತಲ್ಲ, ಬಿಡು’ ಎಂದಳು. ಆ ಸಲ ಒಳ್ಳೆಯ ಧಾರಣೆಯೇ ಸಿಕ್ಕಿತು.

ಆ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ವರಾಹಮಿಹಿರ ಆರನೆಯ ಶತಮಾನದಲ್ಲಿ ಬರೆದ ಬೃಹತ್ಸಂಹಿತೆಯಲ್ಲಿ ಕಾಗೆ, ನಾಯಿ, ನರಿಗಳ ಶಕುನಕ್ಕೆ ಅಧ್ಯಾಯಗಳೇ ಇವೆ. ಅದೇ ಪುಸ್ತಕದಲ್ಲಿ ಮಳೆಯ ಲಕ್ಷಣಗಳೂ ಇವೆ: ಇರುವೆಗಳು ಮೊಟ್ಟೆ ಹೊತ್ತುಕೊಂಡು ಜಾಗ ಬದಲಿಸಿದರೆ ಮಳೆ ಹತ್ತಿರ ಎನ್ನುತ್ತಾನೆ. ಇದನ್ನು ನಮ್ಮೂರಿನ ರೈತರೂ ಹೇಳುತ್ತಾರೆ, ಅವರು ವರಾಹಮಿಹಿರನನ್ನು ಓದಿಲ್ಲ, ಇರುವೆಯನ್ನು ಓದಿದ್ದಾರೆ. ನನ್ನ ಮಟ್ಟಿಗೆ ಲಕ್ಷಣ ಬೇರೆ, ಶಕುನ ಬೇರೆ. ಇರುವೆ ತನ್ನ ಮೊಟ್ಟೆ ನೆನೆಯುತ್ತದೆ ಎಂದು ಓಡುತ್ತದೆ, ನನ್ನ ಗೊಡವೆ ಅದಕ್ಕಿಲ್ಲ. ಕಾಯಿ ಗಡಗಡ ಎನ್ನುವುದು ಒಳಗೆ ಒಣಗಿದ್ದಕ್ಕೆ. ಶಕುನದಲ್ಲಿ ಮಾತ್ರ ಬೆಕ್ಕು ಬೆಳಿಗ್ಗೆ ಎದ್ದು, ಮುಖ ತೊಳೆದು, ನಾನು ಹೊರಡುವ ಗಳಿಗೆಯನ್ನೇ ಕಾದು ರಸ್ತೆ ದಾಟುತ್ತದೆ. ನಮ್ಮನ್ನು ನಾವು ಅಷ್ಟು ದೊಡ್ಡವರೆಂದು ತಿಳಿದುಕೊಳ್ಳಲು ಬೇರೆಲ್ಲೂ ಅವಕಾಶವಿಲ್ಲ. ವಿಚಿತ್ರವೆಂದರೆ ಎರಡನ್ನೂ ಅಜ್ಜಿ ಬಲ್ಲವಳಾಗಿದ್ದಳು. ಕಾಯಿಯನ್ನು ಅಲ್ಲಾಡಿಸದೆ ಒಡೆಯುತ್ತಿರಲಿಲ್ಲ, ಕೊಡವನ್ನು ಇಣುಕಿ ನೋಡುತ್ತಿರಲಿಲ್ಲ.

ಶಕುನದ ನೆಂಟ ಪದಗಳೂ ತಮಾಷೆಯವೇ. ‘ನಿಮಿತ್ತ’ ಎಂದರೆ ಶಕುನವೂ ಹೌದು, ಕಾರಣವೂ ಹೌದು. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಕೆಟ್ಟ ನಿಮಿತ್ತಗಳು ಕಾಣುತ್ತಿವೆ ಎಂದು ಗಾಂಡೀವ ಕೆಳಗಿಡುತ್ತಾನೆ. ಹನ್ನೊಂದನೆಯ ಅಧ್ಯಾಯಕ್ಕೆ ಬಂದರೆ ಕೃಷ್ಣ ನೀನೇ ನಿಮಿತ್ತಮಾತ್ರ ಎಂದುಬಿಡುತ್ತಾನೆ. ಶಕುನ ನೋಡಿ ಹೆದರಿದವನನ್ನೇ ಶಕುನದ ಪದದಲ್ಲಿ ಕೂರಿಸಿದ ಜಾಣತನ ಅದು. ಅಲ್ಲಿಂದ ಆ ಪದ ಇಳಿದಿಳಿದು ನಮ್ಮ ಕಚೇರಿಗೆ ಬಂದು ತಲುಪಿದೆ: ಅನಾರೋಗ್ಯದ ನಿಮಿತ್ತ ಎರಡು ದಿನ ರಜೆ ಕೋರಿ. ಈ ಪ್ರಯೋಗದಲ್ಲಿ ಅದು ಕಾರಣವೋ ಬರಲಿರುವ ಕ್ರಿಕೆಟ್ ಪಂದ್ಯದ ಮುನ್ಸೂಚನೆಯೋ ಎಂಬುದನ್ನು ಮೇಲಧಿಕಾರಿಗಳೇ ನಿರ್ಣಯಿಸಬೇಕು.

‘ಅರಿಷ್ಟ’ ಇನ್ನೂ ಪಾಕಡ. ಮೂಲದಲ್ಲಿ ಕೇಡಿಲ್ಲದ್ದು ಎಂದು ಅರ್ಥ, ಬಳಕೆಯಲ್ಲಿ ಕೇಡೇ. ಅಮರಕೋಶದಲ್ಲಿ ಕಾಗೆಗೂ ಬೇವಿಗೂ ಅರಿಷ್ಟವೆಂದೇ ಹೆಸರು. ಆಯುರ್ವೇದದಲ್ಲಿ ರೋಗಿ ಉಳಿಯುವುದಿಲ್ಲ ಎಂದು ತೋರಿಸುವ ಚಿಹ್ನೆ ಅರಿಷ್ಟ, ರೋಗಿಯನ್ನು ಉಳಿಸಲು ಕುಡಿಸುವ ಔಷಧಿಯೂ ಅರಿಷ್ಟ. ನಮ್ಮ ದೊಡ್ಡಪ್ಪ ಊಟದ ನಂತರ ದ್ರಾಕ್ಷಾರಿಷ್ಟ ಕುಡಿಯುತ್ತಿದ್ದರು. ಹೇಳಿದ ಅಳತೆಗಿಂತ ತುಸು ಹೆಚ್ಚೇ ಕುಡಿಯುತ್ತಿದ್ದರು. ಚರಕ, ಸುಶ್ರುತರಂತೂ ವೈದ್ಯನನ್ನು ಕರೆಯಲು ಬಂದ ಆಳಿನ ಬಟ್ಟೆ, ಮಾತು, ನಿಂತ ಭಂಗಿಯನ್ನೂ ನೋಡಬೇಕು ಎಂದಿದ್ದಾರೆ. ಈಗಿನ ಆಸ್ಪತ್ರೆಗಳಲ್ಲೂ ಕರೆತಂದವರನ್ನು ನೋಡುತ್ತಾರೆ, ಮುಂಗಡ ಕಟ್ಟುವ ಶಕ್ತಿ ಇದೆಯೇ ಎಂದು.

ಲಖನೌ ಕಡೆಯ ಸಹೋದ್ಯೋಗಿಯೊಬ್ಬರು ಮಗಳ ಮದುವೆಯ ಮಾತಾಡುತ್ತ ‘ಎಲ್ಲರೂ ಶಗುನ್ ಕೊಟ್ಟರು’ ಎಂದಾಗ ನಾನು ಗಾಬರಿಯಾಗಿ ಒಳ್ಳೆಯದೋ ಕೆಟ್ಟದೋ ಎಂದು ಕೇಳಿದ್ದೆ. ಅವರ ಶಗುನ್ ನಮ್ಮ ಮುಯ್ಯಿ. ನೂರರ ನೋಟಿನ ಜೊತೆ ಒಂದು ರೂಪಾಯಿ ಬಿಲ್ಲೆ ಅಂಟಿಸಿದ ಲಕೋಟೆ. ಹಕ್ಕಿ ಹಾರಿ ಹಾರಿ ಲಕೋಟೆಯೊಳಗೆ ಕೂತಿದೆ. ಈ ಅರ್ಥ ನಮ್ಮಲ್ಲಿ ಚಾಲ್ತಿಗೆ ಬಂದರೆ ನನ್ನದೇನೂ ಆಕ್ಷೇಪವಿಲ್ಲ.

ಹಲ್ಲಿಯನ್ನು ಬಿಟ್ಟರೆ ಓದುಗರು ಕ್ಷಮಿಸುವುದಿಲ್ಲ. ಪಂಚಾಂಗದಲ್ಲಿ ಮೈಮೇಲೆ ಹಲ್ಲಿ ಬೀಳುವ ಫಲಗಳ ಪಟ್ಟಿ ಇರುತ್ತದೆ, ಗಂಡಸಿಗೆ ಬಲ, ಹೆಂಗಸಿಗೆ ಎಡ ಎಂಬ ವಿವರಗಳೊಂದಿಗೆ. ಬಿದ್ದಾಗ ಯಾರೂ ಜಾಗ ನೋಡಿಟ್ಟುಕೊಳ್ಳುವುದಿಲ್ಲ, ಕುಣಿಯುತ್ತಾರೆ. ಕಂಚಿಯ ವರದರಾಜ ದೇವಸ್ಥಾನದಲ್ಲಿ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿಗಳಿವೆ. ಅವನ್ನು ಮುಟ್ಟಿ ಬಂದವರಿಗೆ ದೋಷವಿಲ್ಲ, ಮುಟ್ಟಿ ಬಂದವರನ್ನು ಮುಟ್ಟಿದರೂ ಸಾಕು ಎಂದು ನಂಬುತ್ತಾರೆ. ನಮ್ಮ ಓಣಿಯಲ್ಲಿ ಕಂಚಿಗೆ ಹೋಗಿಬಂದ ಮೇಷ್ಟರೊಬ್ಬರಿದ್ದರು. ಹಲ್ಲಿ ಬಿದ್ದವರೆಲ್ಲ ಅವರನ್ನು ಮುಟ್ಟಲು ಓಡುತ್ತಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಾನಿಯಲ್ಲಿ ಬಿತ್ತಂತೆ ಎಂಬ ಗಾದೆ ಕಟ್ಟಿದವರೂ ಇದೇ ಜನ.

ಮೈಲಾರದ ಕಾರ್ಣಿಕದಲ್ಲಿ ಶಕುನಕ್ಕೆ ಬೇರೆಯದೇ ಗತ್ತು. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಜನಸಾಗರ ಸೇರುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಆ ಜನಸಾಗರ ಗಪ್‌ಚಿಪ್. ಅವನು ನುಡಿಯುವುದು ಒಂದೇ ವಾಕ್ಯ, ಕೊನೆಗೆ ಪರಾಕ್. ಹಾಗೇ ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯದಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದು ಇರುವುದಿಲ್ಲ. ರೈತನಿಗೆ ಅದರಲ್ಲಿ ಮಳೆ ಕೇಳುತ್ತದೆ, ವ್ಯಾಪಾರಿಗೆ ಧಾರಣೆ ಕೇಳುತ್ತದೆ, ರಾಜಕಾರಣಿಗೆ ಕುರ್ಚಿ ಎಳೆದ ಸದ್ದು. ಅವನ ಕಿವಿಗೆ ತುಂಬಿತ್ತಲ್ಲ, ಬಿಡು ಎನ್ನುತ್ತಿದ್ದಳು ನಮ್ಮಜ್ಜಿ.

ಎದುರುಮನೆಯ ಅಕ್ಕನ ಗಂಡ ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡ. ಆ ವರ್ಷ ಕೊಬ್ಬರಿ ಹೊರಡುವಾಗ ಕೊಡದ ಕೆಲಸ ಮೂಲೆಮನೆಯವರ ಸೊಸೆಗೆ ಹೋಯಿತು. ಅಕ್ಕನನ್ನು ಯಾರೂ ಬೇಡ ಎನ್ನಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ. ಅವಳ ಬಾಗಿಲು ಅಂದು ಮುಚ್ಚಿತ್ತು. ಖಾಲಿ ಕೊಡವನ್ನು ತುಂಬಿದೆ ಎಂದು ಒಪ್ಪಿಕೊಂಡ ಬೀದಿ ಅದು. ಅದೇ ಕೈ, ಅದೇ ಹಿತ್ತಾಳೆ ಕೊಡ, ನೀರು ನಿಜವಾಗಿ ತುಂಬಿದ್ದರೂ ಒಪ್ಪಿಕೊಳ್ಳಲಿಲ್ಲ. ಆಗ ನನಗೆ ಇದು ಹೊಳೆಯಲಿಲ್ಲ. ಇನ್ನೊಂದೂ ಹೊಳೆದಿರಲಿಲ್ಲ. ಇಷ್ಟೆಲ್ಲ ಏರ್ಪಾಡು ಮಾಡುವ ಅಜ್ಜಿ ಒಂದು ದಿನವೂ ಯಾರನ್ನೂ ಕಳಿಸಲು ಬಾಗಿಲಿಗೆ ಬಂದವಳಲ್ಲ. ಅವಳ ಕೂಗು ಯಾವಾಗಲೂ ಅಡುಗೆಮನೆಯಿಂದಲೇ ಬರುತ್ತಿತ್ತು. ಅಜ್ಜ ಹೋದಾಗ ಅವಳಿಗೆ ಮೂವತ್ತೊಂದು ವರ್ಷವಂತೆ.

ನಾನು ಡಿಗ್ರಿ ಮುಗಿಸಿ ಬೆಂಗಳೂರಿಗೆ ಮೊದಲ ಸಂದರ್ಶನಕ್ಕೆ ಹೊರಟದ್ದು 1984ರಲ್ಲಿ. ಅಮ್ಮ ಮೊಸರು ಸಕ್ಕರೆ ಕೊಟ್ಟರು. ಮೂಲೆಮನೆಯ ಸೊಸೆ ತುಂಬಿದ ಕೊಡ ಹೊತ್ತು ಎದುರಾದಳು. ತಿರುವು ದಾಟಿದ ಮೇಲೆ ನೆನಪಾಯಿತು, ಅಂಕಪಟ್ಟಿ ಮರೆತಿದ್ದೆ. ತಿರುಗಿ ಓಡಿಬಂದೆ. ಅಜ್ಜಿ ಹೊಸ್ತಿಲ ಹೊರಗೆ, ಬಾಗಿಲ ಚೌಕಟ್ಟು ಹಿಡಿದುಕೊಂಡು, ನಾನು ಹೋದ ದಿಕ್ಕಿಗೇ ನೋಡುತ್ತ ನಿಂತಿದ್ದಳು. ನಿಂತಿದ್ದ ರೀತಿ ನೋಡಿದರೆ ಅಲ್ಲಿ ನಿಲ್ಲುವುದು ಅವಳಿಗೆ ಹೊಸದಿರಲಿಲ್ಲ.

ನನ್ನನ್ನು ಕಂಡದ್ದೇ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿದಳು. ‘ಅಯ್ಯೋ, ಯಾಕೋ ತಿರುಗಿ ಬಂದೆ, ನಾನೇ ಎದುರಾಗಿಬಿಟ್ಟೆನಲ್ಲೋ’ ಎಂದಳು. ಎಪ್ಪತ್ತರ ಮುದುಕಿ, ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ ನಿಂತಿದ್ದಳು. ನಾನು ಅಂಕಪಟ್ಟಿ ತೆಗೆದುಕೊಂಡು ಹೊರಡಲು ಹೋದರೆ ಬಿಡಲಿಲ್ಲ. ಕೂರಿಸಿದಳು, ಒಂದು ಲೋಟ ನೀರು ತಂದುಕೊಟ್ಟಳು, ಪೂರ್ತಿ ಕುಡಿಯುವವರೆಗೆ ಎದುರಿಗೆ ನಿಂತಳು. ಆಮೇಲೆ ಅಡುಗೆಮನೆಗೆ ಹೋಗಿ, ಅಲ್ಲಿಂದ ‘ಈಗ ಹೊರಡು’ ಎಂದಳು.

ಒಂದೂವರೆ ತಿಂಗಳಿಗೆ ನೇಮಕದ ಪತ್ರ ಅಂಚೆಯಲ್ಲಿ ಬಂತು. ಅಜ್ಜಿ ಅದನ್ನು ಎರಡು ಸಲ ಓದಿಸಿ ಕೇಳಿದಳು. ‘ನೋಡಿದ್ಯಾ, ನೀರು ಕುಡಿದು ಹೋಗಿದ್ದಕ್ಕೆ ಆಯ್ತು’ ಎಂದಳು. ಎದುರಿಗೆ ಯಾರು ಬಂದಿದ್ದರು ಎಂಬ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಕೆಲಸದಲ್ಲಿ ನಾನು 31 ವರ್ಷ ಇದ್ದು ನಿವೃತ್ತನಾದೆ.